ಹೆಸರಿಗೊಂದು ಕ್ಷಣ

ಬೀದಿ ಛಾಯಾಗ್ರಹಣದ ಮಾತು ಬಂದಾಗಲೆಲ್ಲ ಅದರ ಬೆನ್ನಿಗೇ 'ನಿರ್ಣಾಯಕ ಕ್ಷಣ' ಎಂಬ ಮಾತೂ ಬರುತ್ತದೆ. ಫ್ರೆಂಚ್ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸ್ಸೋನ್ 1952ರಲ್ಲಿ ತಂದ ಪುಸ್ತಕದ ಇಂಗ್ಲಿಷ್ ಆವೃತ್ತಿಗೆ ಇಟ್ಟ ಹೆಸರು ಅದು. 17ನೇ ಶತಮಾನದ ಕಾರ್ಡಿನಲ್ ಒಬ್ಬನ ಮಾತಿನಿಂದ ಎತ್ತಿಕೊಂಡದ್ದು. ಫ್ರೆಂಚ್ ಮೂಲದ ಹೆಸರು 'ಇಮಾಜ್ ಅ ಲಾ ಸೊವೆತ್'. ಅದರ ಧ್ವನಿಯೇ ಬೇರೆ. ಪರವಾನಗಿಯಿಲ್ಲದೆ ಫುಟ್‌ಪಾತಿನಲ್ಲಿ ಬಟ್ಟೆ ಹಾಸಿ ಸರಕು ಹರವಿ, ಪೊಲೀಸಿನವನ ತಲೆ ಕಂಡೊಡನೆ ನಾಲ್ಕು ತುದಿ ಹಿಡಿದು ಗಂಟು ಕಟ್ಟಿ ಓಟ ಕೀಳುವ ವ್ಯಾಪಾರಿಗೆ ಫ್ರೆಂಚರು ಬಳಸುವ ಮಾತು. ಒಂದು ಹೆಸರಿನಲ್ಲಿ ತತ್ವಜ್ಞಾನಿಯ ಗತ್ತು, ಇನ್ನೊಂದರಲ್ಲಿ ಕದ್ದು ಮಾರುವವನ ಅಳುಕು. ಜಗತ್ತು ಗತ್ತನ್ನೇ ಆರಿಸಿಕೊಂಡಿತು. ಅಂದಿನಿಂದ ಈ ಪರಂಪರೆಯನ್ನು ಚುರುಕು ಬೆರಳಿನ ಕಲೆ ಎಂದೇ ಓದುತ್ತ ಬಂದಿದ್ದೇವೆ. ಚಿತ್ರಗಳನ್ನೇ ಸಾಕ್ಷಿಗೆ ಕರೆದರೆ ಕತೆ ಬದಲಾಗುತ್ತದೆ: ಈ ಕಲೆಯ ದೊಡ್ಡ ಪಾಲು ಕೆಲಸ ಆ ಕ್ಷಣಕ್ಕೆ ಮುಂಚೆ ನಡೆದಿರುತ್ತದೆ, ಉಳಿದದ್ದು ಅದಾದ ಮೇಲೆ.

ಕಾರ್ಟಿಯೆ-ಬ್ರೆಸ್ಸೋನ್ 1932ರಲ್ಲಿ ಫ್ರಾನ್ಸಿನ ಹಿಯೇರ್ ಊರಿನಲ್ಲಿ ತೆಗೆದ ಚಿತ್ರವನ್ನು ನೋಡಿ. ಮೇಲಿನಿಂದ ಕೆಳಗೆ ಸುತ್ತಿಕೊಂಡು ಇಳಿಯುವ ಕಲ್ಲಿನ ಮೆಟ್ಟಿಲು, ಅದರ ಜೊತೆಗೇ ಬಾಗುವ ಕಬ್ಬಿಣದ ಕಟಾಂಜನ, ಆ ಬಾಗಿನ ತುದಿಯಲ್ಲಿ ತಿರುವು ತೆಗೆದುಕೊಳ್ಳುವ ಬೀದಿ. ಅಲ್ಲಿ ಮಸುಕಾಗಿ ಹಾದುಹೋಗುವ ಸೈಕಲ್ ಸವಾರ. ಸವಾರನನ್ನು ಬೆರಳಿನಿಂದ ಮುಚ್ಚಿ ನೋಡಿದರೂ ಚಿತ್ರದ ಕಟ್ಟು ಸಡಿಲವಾಗುವುದಿಲ್ಲ. ಒಂದು ಸ್ವರ ಬರಲಿ ಎಂದು ಶ್ರುತಿ ಹಿಡಿದು ಕೂತಂತೆ ಕಾಣುತ್ತದೆ. ಆಂದ್ರೆ ಲೋತ್ ಎಂಬ ಚಿತ್ರಕಾರನ ಬಳಿ ಕಲಿತವನಿಗೆ ಜಾಗ ಮೊದಲು ಸಿಕ್ಕಿದೆ, ಮನುಷ್ಯ ಆಮೇಲೆ ಸಿಕ್ಕಿದ್ದಾನೆ. ಇದಕ್ಕೆದುರಾಗಿ ಅದೇ ವರ್ಷದ, ಪ್ಯಾರಿಸ್ಸಿನ ಸೇಂಟ್ ಲಜಾರ್ ರೈಲು ನಿಲ್ದಾಣದ ಹಿಂಬದಿಯ ಚಿತ್ರವನ್ನು ಯಾರಾದರೂ ಮುಂದಿಡಬಹುದು. ನಿಂತ ನೀರಿನ ಮೇಲೆ ಹಾರಿದವನ ಹಿಮ್ಮಡಿ ಇನ್ನೂ ನೀರನ್ನು ಮುಟ್ಟಿಲ್ಲ. ಹಿಂದಿನ ಗೋಡೆಯ ಪೋಸ್ಟರಿನಲ್ಲಿ ಹಾಗೆಯೇ ಜಿಗಿದ ನರ್ತಕಿ. ಇದಕ್ಕಿಂತ ಕ್ಷಣ ಬೇಕೇ? ಆದರೆ ಈ ಚಿತ್ರ ತೆಗೆದದ್ದು ಹಲಗೆ ಬೇಲಿಯ ಸಂದಿಯಲ್ಲಿ ಲೆನ್ಸ್ ತೂರಿಸಿ. ನೆಗೆಟಿವಿನ ಎಡಭಾಗವನ್ನು ಹಲಗೆಯೇ ನುಂಗಿತ್ತು. ಕ್ರಾಪ್ ಮಾಡುವುದೆಂದರೆ ಆಗದ ಕಾರ್ಟಿಯೆ-ಬ್ರೆಸ್ಸೋನ್ ಇಲ್ಲಿ ವ್ರತ ಮುರಿದು ಅಂಚು ಕತ್ತರಿಸಬೇಕಾಯಿತು. ಜಗತ್ಪ್ರಸಿದ್ಧ ಕ್ಷಣವೊಂದು ಕೊನೆಗೆ ತೀರ್ಮಾನವಾದದ್ದು ಡಾರ್ಕ್‌ರೂಮಿನಲ್ಲಿ.

ಕಾದು ಕೂತು, ಕತ್ತರಿಸಿ ಕಟ್ಟುವುದಾದರೆ ಅದಕ್ಕೂ ನಾಟಕವಾಡಿಸುವುದಕ್ಕೂ ಏನು ವ್ಯತ್ಯಾಸ? ಈ ಆಕ್ಷೇಪ ಹಗುರವಾದದ್ದಲ್ಲ. ರೊಬೇರ್ ದುವಾನೋ 1950ರಲ್ಲಿ 'ಲೈಫ್' ಪತ್ರಿಕೆಗಾಗಿ ತೆಗೆದ, ಪ್ಯಾರಿಸ್ ಪುರಭವನದ ಮುಂದೆ ಮುತ್ತಿಡುವ ಜೋಡಿಯ ಚಿತ್ರ ದಶಕಗಳ ಕಾಲ ಬೀದಿಯ ಸಹಜ ಪ್ರೇಮದ ಗುರುತಾಗಿತ್ತು. ಆ ಇಬ್ಬರು ನಟನೆ ಕಲಿಯುತ್ತಿದ್ದವರು, ಕೇಳಿಕೊಂಡ ಮೇಲೆ ಮುತ್ತಿಟ್ಟವರು ಎಂಬುದು 1990ರ ದಶಕದಲ್ಲಿ ಕೋರ್ಟಿನ ತನಕ ಹೋದ ವ್ಯಾಜ್ಯದಿಂದ ಬಯಲಾಯಿತು. ಚಿತ್ರ ಕೆಟ್ಟದಾಯಿತೆಂದು ನನಗನಿಸುವುದಿಲ್ಲ, ಆದರೆ ಅದರ ಜಾತಿ ಬದಲಾಯಿತು. ಹಿಯೇರ್‌ನ ಮೆಟ್ಟಿಲ ಮೇಲೆ ನಿಂತವನಿಗೆ ಯಾರೂ ಬಾರದೆ ಬರಿಗೈಯಲ್ಲಿ ಮನೆಗೆ ಹೋಗುವ ಸಾಧ್ಯತೆಯಿತ್ತು. ದುವಾನೋಗೆ ಅದಿರಲಿಲ್ಲ. ಬೀದಿ ಛಾಯಾಗ್ರಾಹಕನ ಪ್ರಾಮಾಣಿಕತೆಯನ್ನು ಈ ಬರಿಗೈಯ ಲೆಕ್ಕದಲ್ಲೇ ಅಳೆಯಬೇಕು.

ಆಮೇಲಿನವರು ಕ್ಷಣದ ಪೂಜೆಯನ್ನೇ ಕೈಬಿಟ್ಟರು ಎನ್ನುವುದುಂಟು. ರಾಬರ್ಟ್ ಫ್ರಾಂಕ್ 1955ರಿಂದ ಅಮೆರಿಕ ಸುತ್ತಿ ತೆಗೆದ ಸುಮಾರು 27,000 ಫ್ರೇಮುಗಳಲ್ಲಿ 'ದಿ ಅಮೆರಿಕನ್ಸ್' ಪುಸ್ತಕಕ್ಕೆ ಬಂದವು 83. ಅಲ್ಲಿ ಬಿಡಿ ಚಿತ್ರಕ್ಕಿಂತ ಒಂದರ ಪಕ್ಕ ಇನ್ನೊಂದನ್ನು ಇಟ್ಟ ಬಗೆಯೇ ಹೆಚ್ಚು ಮಾತಾಡುತ್ತದೆ. ಗ್ಯಾರಿ ವಿನೊಗ್ರ್ಯಾಂಡ್ 1984ರಲ್ಲಿ ತೀರಿಕೊಂಡಾಗ ಸುಮಾರು 2,500 ರೋಲುಗಳನ್ನು ತೊಳೆಸಿಯೇ ಇರಲಿಲ್ಲ. ಬೆರಳು ಒತ್ತಿಯಾಗಿತ್ತು, ಕ್ಷಣಗಳು ಡಬ್ಬಿಯಲ್ಲಿದ್ದವು. ಆರಿಸುವ ಕಣ್ಣಿಲ್ಲದೆ ಅವು ಚಿತ್ರಗಳಾದವೇ? ಇನ್ನು ನಮ್ಮ ರಘುಬೀರ್ ಸಿಂಗ್. ಕಪ್ಪುಬಿಳುಪು ಭಾರತಕ್ಕೆ ಒಗ್ಗದು ಎಂದು ಬಣ್ಣಕ್ಕೆ ಅಂಟಿಕೊಂಡ ಅವರು ಅಂಬಾಸಿಡರ್ ಕಾರಿನ ಬಾಗಿಲು, ಕಿಟಕಿ, ಕನ್ನಡಿಗಳಿಂದಲೇ ಚೌಕಟ್ಟನ್ನು ತುಂಡು ತುಂಡಾಗಿ ಒಡೆದು, ಒಂದೊಂದು ತುಂಡಿಗೂ ಬೇರೆ ಬೇರೆ ಕೆಲಸ ಹಚ್ಚಿದರು. ಎಲ್ಲರೂ ಒಂದೇ ಹೊತ್ತಿನಲ್ಲಿ ತಿರುಗುವ, ಹಾರುವ ಶುಭಮುಹೂರ್ತ ಅಲ್ಲಿಲ್ಲ. ನಮ್ಮ ಸಂತೆ ಬೀದಿ ಎಂದಾದರೂ ಒಂದೇ ಕ್ಷಣಕ್ಕೆ ಸಿಕ್ಕಿದೆಯೇ!

ಕ್ಷಣದ ಮಾತು ಬಿಡಲು ಈ ಪರಂಪರೆ ಹಿಂಜರಿಯುವುದಕ್ಕೆ ಇನ್ನೊಂದು ಕಾರಣವಿದೆ ಎಂಬುದು ನನ್ನ ಗುಮಾನಿ. 'ಕ್ಷಣ ಜಾರಿಹೋಗುತ್ತಿತ್ತು, ಕೇಳಲು ಪುರಸೊತ್ತಿರಲಿಲ್ಲ' ಎನ್ನುವುದು ಅಪ್ಪಣೆಯಿಲ್ಲದೆ ತೆಗೆದ ಮುಖಗಳಿಗೆ ಸಿದ್ಧ ಸಬೂಬು. ಕಾಯುವುದೇ ಕಸುಬು ಎಂದು ಒಪ್ಪಿಕೊಂಡರೆ ಆ ಸಬೂಬು ನಿಲ್ಲುವುದಿಲ್ಲ. ಫಿಲಿಪ್-ಲೋರ್ಕಾ ಡಿಕೋರ್ಸಿಯಾ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಫ್ಲ್ಯಾಷ್ ದೀಪಗಳನ್ನು ಮೊದಲೇ ಕಟ್ಟಿ, ದೂರ ನಿಂತು, ದಾರಿಹೋಕರ ಮುಖ ಬೆಳಕಿಗೆ ಬೀಳುವುದನ್ನೇ ಕಾದವರು. ಆ ಸರಣಿಯಲ್ಲಿ ತನ್ನ ಮುಖ ಕಂಡ ಒಬ್ಬ ವೃದ್ಧ, ಇದು ತನ್ನ ಧರ್ಮಶ್ರದ್ಧೆಗೆ ವಿರುದ್ಧವೆಂದು ಕೋರ್ಟಿಗೆ ಹೋದ. ಇದು ಕಲೆ ಎಂದು ಹೇಳಿ 2006ರಲ್ಲಿ ನ್ಯಾಯಾಲಯ ಅವನ ದಾವೆ ವಜಾ ಮಾಡಿತು. ಕೇಳಿದ್ದರೆ ಮುಖ ಬಿಗಿಯುತ್ತಿತ್ತು, ಚಿತ್ರ ಸಾಯುತ್ತಿತ್ತು ಎಂಬ ವಾದ ತೆಗೆಯುವ ಮುಂಚಿನದಕ್ಕೆ ಸರಿ. ತೆಗೆದ ಮೇಲೆ, ಗೋಡೆಗೆ ಹಾಕಿ ಬೆಲೆ ಕಟ್ಟುವುದರೊಳಗೆ, ನಾಲ್ಕು ಹೆಜ್ಜೆ ಹಿಂದೆ ಹೋಗಿ ಮಾತಾಡಿಸುವಷ್ಟು ವೇಳೆ ಇದ್ದೇ ಇತ್ತು.