ಹೊಟ್ಟೆಗೆ ಹಾಕಿಕೊಂಡವರು

ನಾನಿರುವ ನವುಲೆಯಲ್ಲಿ ಜಗಳ ಮುಗಿಯುವ ಹೊತ್ತಿಗೆ ‘ಕ್ಷಮಿಸಿ’ ಎಂಬ ಮಾತು ಅಷ್ಟಾಗಿ ಕೇಳಿಸುವುದಿಲ್ಲ. ಅದು ಕಾಲೇಜಿನ ರಜಾ ಅರ್ಜಿಯ ಮಾತು, ಸಭೆಗೆ ತಡವಾಗಿ ಬಂದ ಭಾಷಣಕಾರರ ಮಾತು. ಬೇಲಿ ಸರಿಸಿದ್ದಕ್ಕೋ ಮದುವೆಗೆ ಕರೆಯದೆ ಬಿಟ್ಟದ್ದಕ್ಕೋ ಮುನಿಸು ಬೆಳೆದಾಗ, ಕೊನೆಗೆ ಹಿರಿಯರೊಬ್ಬರು ನಡುವೆ ಕೂತು ಹೇಳುತ್ತಾರೆ: ‘ಆಗಿದ್ದು ಆಗಿಹೋಯ್ತು ಕಣಮ್ಮ, ನೀನು ದೊಡ್ಡೋಳು, ಹೊಟ್ಟೆಗೆ ಹಾಕ್ಕೊಂಬಿಡು.’

ಈ ನುಡಿಗಟ್ಟಿಗೆ ‘ಕ್ಷಮಿಸು’ ಎಂದು ಅರ್ಥ ಬರೆದರೆ ತಪ್ಪಲ್ಲ, ಆದರೆ ಸಾಲದು. ಕ್ಷಮಿಸಿದಾಗ ತಪ್ಪು ಇಲ್ಲವಾಯಿತೆಂದು ಎರಡೂ ಕಡೆಯವರು ಒಪ್ಪಿಕೊಳ್ಳುತ್ತಾರೆ. ಹೊಟ್ಟೆಗೆ ಹಾಕಿಕೊಂಡ ತಪ್ಪು ಎಲ್ಲಿಗೂ ಹೋಗುವುದಿಲ್ಲ. ಒಬ್ಬರು ಮಾಡಿದ್ದು ಇನ್ನೊಬ್ಬರ ಒಳಗೆ ಹೋಗಿ ಕೂರುತ್ತದೆ. ಅರಗಿದರೆ ಅರಗಿತು, ಇಲ್ಲದಿದ್ದರೆ ಆ ಸಂಕಟವೂ ಅವರದೇ. ಗಂಡಸರಿಗೂ ಈ ಮಾತು ಹೇಳುವುದುಂಟು: ‘ಗೌಡ್ರೇ, ಹೊಟ್ಟೆಗೆ ಹಾಕ್ಕೊಳ್ಳಿ.’ ಅಲ್ಲಿ ಅದು ಬಿನ್ನಹ. ತಾಯಿಗೆ, ಅಕ್ಕನಿಗೆ, ಹಿರೇ ಸೊಸೆಗೆ ಹೇಳುವಾಗ ಅದೇ ಮಾತು ಬುದ್ಧಿವಾದವಾಗುತ್ತದೆ.

ಹೊಟ್ಟೆಯ ಸುತ್ತಲಿನ ಪದಗಳ ಚರಿತ್ರೆಯಲ್ಲೇ ಇದಕ್ಕೊಂದು ಸುಳಿವಿದೆ. ಹಳಗನ್ನಡದಲ್ಲಿ ಹೊಟ್ಟೆಗೆ ‘ಬಸಿಱ್’ ಎನ್ನುತ್ತಿದ್ದರು. ತಮಿಳಿನ ‘ವಯಿಱು’ ಇದರ ಒಡಹುಟ್ಟು. ಆಗ ಗಂಡಸರಿಗೂ ಬಸಿರಿತ್ತು! ಕಿಟೆಲ್ಲರ 1894ರ ನಿಘಂಟಿನಲ್ಲಿ ಬಸಿರಿಗೆ ಹೊಟ್ಟೆ, ಗರ್ಭ ಎರಡೂ ಅರ್ಥಗಳಿವೆ. ‘ಪೊಟ್ಟೆ’ ಎಂಬ ಇನ್ನೊಂದು ಪದ, ಪಕಾರ ಹಕಾರವಾದ ಮೇಲೆ ‘ಹೊಟ್ಟೆ’ಯಾಗಿ ಊಟದ ವ್ಯವಹಾರವನ್ನೆಲ್ಲ ವಹಿಸಿಕೊಂಡಿತು. ಬಸಿರು ಹೆಂಗಸಿನ ಪಾಲಿಗಷ್ಟೇ ಉಳಿಯಿತು. ‘ಪೊಡೆ’ ಎಂದರೂ ಹೊಟ್ಟೆಯೇ. ಪದ್ಮನಾಭನನ್ನು ಕನ್ನಡ ಕವಿಗಳು ‘ಪೊಡೆಯಲರ’ ಎಂದು ಕರೆದದ್ದು ಅದರಿಂದ. ತೆನೆ ಹೊರಬರುವ ಮುಂಚೆ ಉಬ್ಬಿ ನಿಂತ ಭತ್ತದ ಪೈರನ್ನು ನಮ್ಮ ರೈತರು ಈಗಲೂ ‘ಹೊಡೆ’ ಎನ್ನುತ್ತಾರೆ. ಇಷ್ಟೆಲ್ಲ ಪಾಲಾದರೂ ‘ನನ್ನ ಹೊಟ್ಟೇಲಿ ಹುಟ್ಟಿದ ಮಗ’ ಎನ್ನುವಾಗ ಹಳೆಯ ಅರ್ಥವೇ ಮರಳುತ್ತದೆ. ತಿನ್ನುವ ಹೊಟ್ಟೆ, ಹೊರುವ ಹೊಟ್ಟೆ, ಪರರ ತಪ್ಪು ನುಂಗುವ ಹೊಟ್ಟೆ ಬೇರೆ ಬೇರೆ ಅಲ್ಲ.

ಉರಿಯುವ ಹೊಟ್ಟೆಯೂ ಅದೇ. ಹೊಟ್ಟೆಕಿಚ್ಚು ಎಂದರೆ ಬರೀ ಅಸೂಯೆ. ‘ಹೊಟ್ಟೆ ಉರಿಯುತ್ತೆ’ ಎಂದಾಗ ಅಸೂಯೆಯೂ ಇರಬಹುದು, ಅನ್ಯಾಯಕ್ಕೆ ಒಳಗಾದವರ ನೋವೂ ಇರಬಹುದು. ‘ಬಡವರ ಹೊಟ್ಟೆ ಉರಿ ತಟ್ಟದೆ ಬಿಡೋಲ್ಲ’ ಎನ್ನುವಾಗ ಅದು ಶಾಪ. ಬೆನ್ನಿಗೆ ಹೊಡಿ, ಹೊಟ್ಟೆ ಮೇಲೆ ಹೊಡೀಬೇಡ ಎಂಬ ಮಾತು ಪಕ್ಕದ ಭದ್ರಾವತಿಯಲ್ಲಿ, ಕಾಗದ ಕಾರ್ಖಾನೆ ನಿಂತ ಮೇಲೆ, ಅಲಂಕಾರವಾಗಿ ಉಳಿದಿಲ್ಲ. ನಮ್ಮ ವಿದ್ಯಾರ್ಥಿಗಳ ಕವಿತೆಗಳಲ್ಲಿ ಎದೆ, ಹೃದಯಗಳು ಸಾಲುಸಾಲಾಗಿ ಮಿಡಿಯುತ್ತವೆ, ಹೊಟ್ಟೆ ಕಾಣುವುದಿಲ್ಲ. ಮಾತಿನಲ್ಲಿ ಇಷ್ಟು ಭಾರ ಹೊತ್ತ ಪದ ಬರವಣಿಗೆಗೆ ಬರುವಾಗ ಯಾಕೋ ಬಾಗಿಲಲ್ಲೇ ಚಪ್ಪಲಿಯಂತೆ ಉಳಿದುಬಿಡುತ್ತದೆ.

ವಿಮರ್ಶೆಯಲ್ಲೂ ಹೀಗೇ. ನಮ್ಮದೇ ಜಿಲ್ಲೆಯ ಕಾದಂಬರಿ, ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು (1965) ತೆಗೆದುಕೊಳ್ಳಿ. ತರಗತಿಗಳಲ್ಲಿ ಅದನ್ನು ಧರ್ಮದ ಬಿಕ್ಕಟ್ಟು, ಅಸ್ತಿತ್ವವಾದ, ಆಯ್ಕೆಯ ಪ್ರಶ್ನೆ ಎಂದು ಓದಿಸುತ್ತೇವೆ. ಅದೆಲ್ಲ ಇದೆ. ಆದರೆ ಕಥೆಯನ್ನು ಓಡಿಸುವುದು ಹಸಿವು. ನಾರಣಪ್ಪನ ಹೆಣ ಅಗ್ರಹಾರದಲ್ಲಿ ಇರುವ ತನಕ ಬ್ರಾಹ್ಮಣರು ಊಟ ಮಾಡುವಂತಿಲ್ಲ. ಹೆಣ ಯಾರು ಸುಡಬೇಕೆಂಬ ಪ್ರಶ್ನೆಗೆ ಅಷ್ಟು ಅವಸರ ಬಂದಿರುವುದು ಅದರಿಂದ. ದಾಸಾಚಾರ್ಯ ತಡೆಯಲಾರದೆ ಪಾರಿಜಾತಪುರದ ಮಂಜಯ್ಯನ ಮನೆಗೆ ಹೋಗಿ ಗುಟ್ಟಾಗಿ ತಿನ್ನುತ್ತಾನೆ. ಆ ಭಾಗವನ್ನು ಹಾಸ್ಯವೆಂದು ಓದಿ ದಾಟುವವರೇ ಹೆಚ್ಚು. ನನಗೆ ಅದು ಮುಂದಿನದಕ್ಕೆ ಪೀಠಿಕೆಯಾಗಿ ಕಾಣುತ್ತದೆ.

ಮಾರುತಿಯ ಗುಡಿಯಲ್ಲಿ ಉತ್ತರ ಸಿಗದೆ, ಕತ್ತಲಲ್ಲಿ ಕಾಡಿನ ದಾರಿ ಹಿಡಿದ ಪ್ರಾಣೇಶಾಚಾರ್ಯರೂ ಹಸಿದವರೇ. ಚಂದ್ರಿಯ ಸ್ಪರ್ಶಕ್ಕೆ ಅವರ ಬಾಯಿಂದ ಮೊದಲು ಹೊರಡುವ ಕೂಗು ಅಮ್ಮನದು. ಅವಳು ಮಡಿಲಲ್ಲಿದ್ದ ಬಾಳೆಹಣ್ಣು ಸುಲಿದು ತಿನ್ನಿಸುತ್ತಾಳೆ. ಕಾಮದ ಗಳಿಗೆ ಎಂದು ಹೆಸರಾದ ಈ ಪ್ರಸಂಗ ಹಸಿದ ಹೊಟ್ಟೆಯಿಂದ ಶುರುವಾಗುತ್ತದೆ. ಆಚಾರ್ಯರು ದಾಟುವ ಮೊದಲ ಗೆರೆ ಯಾವುದೆಂದು ಕೇಳಿದರೆ ನಾನು ಬಾಳೆಹಣ್ಣು ಎನ್ನುತ್ತೇನೆ: ಉಪವಾಸ ಮುರಿದದ್ದು ಮೊದಲು, ಉಳಿದದ್ದು ಆಮೇಲೆ. ಹೆಂಡತಿ ತೀರಿಕೊಂಡು ಸೂತಕದಲ್ಲಿದ್ದರೂ ಮೇಳಿಗೆಯ ಜಾತ್ರೆಯಲ್ಲಿ ಅವರು ದೇವಸ್ಥಾನದ ಊಟದ ಪಂಕ್ತಿಗೆ ಕೂರುತ್ತಾರೆ. ಗುರುತು ಸಿಕ್ಕಿಬಿಡುವ ಭಯ ಅವರನ್ನು ಹಿಡಿಯುವುದು ಎಲೆಯ ಮುಂದೆ. ಕಾಡಿನಲ್ಲಿ ತಿಂದು ಮನುಷ್ಯರಾದವರು ಇಲ್ಲಿ ಎಲೆ ಬಿಟ್ಟು ಏಳುತ್ತಾರೆ.

ಆಚಾರ್ಯರ ಒಳತೋಟಿಗೆ ಕಾದಂಬರಿ ಪುಟಗಟ್ಟಲೆ ಜಾಗ ಕೊಡುತ್ತದೆ. ಚಂದ್ರಿಗೆ ಅಷ್ಟು ಸಿಗುವುದಿಲ್ಲ, ಇದು ಅದರ ಕೊರತೆ ಎಂದೇ ನನ್ನ ಅಭಿಪ್ರಾಯ. ಆದರೂ ಕೆಲಸವಾಗುವುದು ಅವಳಿಂದ. ಅಗ್ರಹಾರದ ಗಂಡಸರು ಒಡವೆಯ ಮೇಲೆ ಕಣ್ಣಿಟ್ಟು ಶಾಸ್ತ್ರ ಮಾತಾಡುತ್ತಿರುವಾಗ ಅವಳು ಅಹಮದ್ ಬ್ಯಾರಿಯ ನೆರವು ಪಡೆದು, ರಾತ್ರಿಯಲ್ಲೇ ಹೆಣ ಸುಡಿಸಿ, ಯಾರಿಗೂ ಏನೂ ಹೇಳದೆ ಕುಂದಾಪುರದ ದಾರಿ ಹಿಡಿಯುತ್ತಾಳೆ. ಇಡೀ ಅಗ್ರಹಾರದ ತಪ್ಪನ್ನು ಅವಳು ಹೊಟ್ಟೆಗೆ ಹಾಕಿಕೊಂಡಿದ್ದಾಳೆ. ಹಾಗೆ ಮಾಡೆಂದು ಅವಳ ಮುಂದೆ ಯಾರೂ ಕೈಮುಗಿದವರಿಲ್ಲ. ಅಂಥ ಪುಣ್ಯವಂತರಿಂದ ಬಸಿರಾಗಬೇಕು ಎಂದು ಅಮ್ಮ ಹೇಳುತ್ತಿದ್ದ ಮಾತೂ ಅವಳ ನೆನಪಿನಲ್ಲಿದೆ. ಹೊಟ್ಟೆಯೂ ಬಸಿರೂ ಬೇರೆಯಾಗುವುದಕ್ಕೆ ಮುಂಚಿನ ಆ ಹಳೆಯ ಪದದ ಅರ್ಥಗಳೆಲ್ಲ ಈ ಒಬ್ಬಳಲ್ಲಿ ಒಟ್ಟಿಗೆ ಬಂದಿವೆ. ಆಚಾರ್ಯರು ಕೊನೆಯ ಪುಟದಲ್ಲೂ ದಾರಿಯಲ್ಲೇ ಇದ್ದಾರೆ. ಅವಳು ಎಂದೋ ಕುಂದಾಪುರ ಮುಟ್ಟಿರಬೇಕು.