ರೋಗೋತ್ಪತ್ತಿ ದರದ ಗಣನೆ: ಫ್ರೇಮಿಂಗ್‌ಹ್ಯಾಂ ವರದಿಯ ಛೇದವನ್ನು ಕುರಿತು

ಅಮೆರಿಕದ ಮಸಾಚುಸೆಟ್ಸ್ ಸಂಸ್ಥಾನದ ಫ್ರೇಮಿಂಗ್‌ಹ್ಯಾಂ ಪಟ್ಟಣದಲ್ಲಿ 1948ರಲ್ಲಿ ಆರಂಭವಾದ ಹೃದ್ರೋಗದ ಅಧ್ಯಯನವು ವೈದ್ಯಕೀಯ ಸಂಖ್ಯಾಶಾಸ್ತ್ರದ ವಿದ್ಯಾರ್ಥಿಗಳಿಗೆ ಸುಪರಿಚಿತವಾದುದು. ಕ್ಯಾನೆಲ್, ಡಾಬರ್ ಮತ್ತು ಅವರ ಸಂಗಡಿಗರು 1961ರಲ್ಲಿ ಪ್ರಕಟಿಸಿದ ಆರು ವರ್ಷಗಳ ವರದಿಯು ರಕ್ತದ ಒತ್ತಡ, ಕೊಲೆಸ್ಟರಾಲ್ ಇವುಗಳಿಗೂ ಹೃದ್ರೋಗಕ್ಕೂ ಇರುವ ಸಂಬಂಧವನ್ನು ಸ್ಪಷ್ಟಪಡಿಸಿತು. ಆ ನಿರ್ಣಯದಲ್ಲಿ ನಮಗೆ ಸಂದೇಹವಿಲ್ಲ. ವಿಚಾರಣೀಯವಾದುದು ಅದರ ಗಣನೆಯ ಒಂದು ಅಂಗ, ಎಂದರೆ ಛೇದ.

ಅಧ್ಯಯನಕ್ಕೆ ಸೇರಿದವರು 5,209 ಮಂದಿ. ಮೊದಲ ಪರೀಕ್ಷೆಯಲ್ಲೇ ರೋಗವುಳ್ಳವರೆಂದು ಕಂಡುಬಂದ 82 ಮಂದಿಯನ್ನು ಬಿಟ್ಟು ಉಳಿದ 5,127 ಮಂದಿಯನ್ನು ಗಣನೆಗೆ ತೆಗೆದುಕೊಂಡರು. ಈಗಾಗಲೇ ರೋಗವುಳ್ಳವನಿಗೆ ಅದು ಹೊಸದಾಗಿ ಬರಲಾರದಷ್ಟೆ. ಆದುದರಿಂದ ಈ ಕ್ರಮ ಯುಕ್ತವೇ. ಆದರೆ ಫಲಿತಾಂಶವನ್ನು ಆರು ವರ್ಷಕ್ಕೆ ಸಾವಿರಕ್ಕಿಷ್ಟು ಎಂದು ಹೇಳಿದಾಗ ಅದು ಅನುಪಾತವಾಗುತ್ತದೆಯೇ ಹೊರತು ಕಾಲದ ದರವಾಗುವುದಿಲ್ಲ.

ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ನೂರು ಜನರ ಎರಡು ಗುಂಪುಗಳಿವೆ. ಎರಡರಲ್ಲೂ ಹತ್ತು ಮಂದಿಗೆ ಮೂರನೆಯ ವರ್ಷದ ಕೊನೆಯಲ್ಲಿ ರೋಗ ಬಂತು. ಮೊದಲ ಗುಂಪಿನಲ್ಲಿ ಅದೇ ಹೊತ್ತಿಗೆ ಇನ್ನು ಹತ್ತು ಮಂದಿ ಬೇರೆ ಕಾರಣದಿಂದ ಸತ್ತರು ಅಥವಾ ಊರು ಬಿಟ್ಟರು. ಎರಡನೆಯದರಲ್ಲಿ ನಲವತ್ತು ಮಂದಿ. ಆರು ವರ್ಷದ ಅನುಪಾತ ಎರಡಕ್ಕೂ ಸಾವಿರಕ್ಕೆ 100. ಆದರೆ ಪ್ರತಿಯೊಬ್ಬನೂ ರೋಗವಿಲ್ಲದೆ ನಿಗಾದಲ್ಲಿದ್ದ ವರ್ಷಗಳನ್ನು ಕೂಡಿಸಿದರೆ ಮೊದಲ ಗುಂಪಿಗೆ 540 ವ್ಯಕ್ತಿವರ್ಷಗಳು, ಎರಡನೆಯದಕ್ಕೆ 450. ದರಗಳು ಸಾವಿರ ವ್ಯಕ್ತಿವರ್ಷಕ್ಕೆ ಕ್ರಮವಾಗಿ 18.5 ಮತ್ತು 22.2. ವೃದ್ಧರ ಗುಂಪಿನಲ್ಲಿ ಸಾವು ಹೆಚ್ಚಾದುದರಿಂದ, ಎಲ್ಲಿ ರೋಗ ತೀವ್ರವೋ ಅಲ್ಲಿಯೇ ಅನುಪಾತವು ಅದನ್ನು ಕಡಿಮೆಯಾಗಿ ತೋರಿಸುವ ಸಂಭವವುಂಟು.

ಆರು ವರ್ಷದಲ್ಲಿ ಈ ದೋಷ ದೊಡ್ಡದಾಗದಿರಬಹುದು. ಆದರೆ ದಶಕಗಳು ಕಳೆದಂತೆ ನಲವತ್ತೈದರವನು ಅರುವತ್ತೈದರವನಾಗುತ್ತಾನೆ. ಮೊದಲ ದಿನ ಅಳೆದ ರಕ್ತದೊತ್ತಡ ಹಳತಾಗುತ್ತದೆ. ಎರಡೆರಡು ವರ್ಷಗಳ ಪರೀಕ್ಷೆಯನ್ನು ಒಂದೊಂದು ಕಿರು ಅಧ್ಯಯನವೆಂದು ಭಾವಿಸಿ ಎಲ್ಲವನ್ನೂ ಕೂಡಿಸುವ ಮುಂದಿನ ವಿಧಾನವು ಈ ದೃಷ್ಟಿಯಿಂದ ಉತ್ತಮವಾದುದು. ಅಲ್ಲಿಯೂ ಒಂದು ತೊಡಕು ಉಳಿಯುತ್ತದೆ. ನೋವಿಲ್ಲದೆ ಬಂದುಹೋದ ಹೃದಯಾಘಾತವು ಮುಂದಿನ ಪರೀಕ್ಷೆಯ ವಿದ್ಯುಲ್ಲೇಖದಲ್ಲಷ್ಟೇ ಗೋಚರವಾಗುತ್ತದೆ. ಅದು ಬಂದ ದಿನ ಯಾರಿಗೂ ತಿಳಿಯದು. ಅವಧಿಯ ನಡುವೆ ಬಂತೆಂದು ಎಣಿಸುವುದು ಅನುಕೂಲವೇ ಹೊರತು ಸತ್ಯವಲ್ಲ. ವಿದ್ಯಾರ್ಥಿಗಳು ಇದನ್ನು ಮರೆಯುವುದನ್ನು ಪದೇಪದೇ ಕಂಡಿದ್ದೇವೆ.

ಛೇದವನ್ನು ಎಷ್ಟು ತಿದ್ದಿದರೂ ಸರಿಹೋಗದ ಸಂಗತಿ ಇನ್ನೊಂದಿದೆ. ಆಯ್ಕೆಯಾದ 6,507 ಮಂದಿಯಲ್ಲಿ ಬಂದವರು 4,469. ಉಳಿದ 740 ಮಂದಿ ತಾವಾಗಿ ಮುಂದೆ ಬಂದವರು. ಊರೊಳಗಿನ ಹೋಲಿಕೆಗೆ ಇದರಿಂದ ಹೆಚ್ಚಿನ ಬಾಧೆಯಿಲ್ಲದಿರಬಹುದು. ಆದರೆ ಆ ದರಗಳ ಮೇಲೆ ಕಟ್ಟಿದ ಸೂತ್ರಗಳನ್ನು ಸ್ಪೇನ್, ಚೀನಾ ದೇಶಗಳ ಜನರಿಗೆ ಹಾಗೆಯೇ ಅನ್ವಯಿಸಿದಾಗ ಅವು ಗಂಡಾಂತರವನ್ನು ನಿಜಕ್ಕಿಂತ ಹೆಚ್ಚಾಗಿ ತೋರಿಸಿದವು. ಆಯಾ ದೇಶದ ರೋಗೋತ್ಪತ್ತಿ ದರವನ್ನು ಇಟ್ಟು ಮತ್ತೆ ಗಣಿಸಬೇಕಾಯಿತು.