ವರಕ್ಕೂ ಮುಂಚಿನ ಕಾಳಿದಾಸ

ಸಿನಿಮಾ, ಸೀರಿಯಲ್ಲುಗಳ ಮೇಧಾವಿ ಪಾತ್ರಗಳ ಮಾತು ಬಂದಾಗ ನನ್ನ ವಯಸ್ಸಿನವರ ಪಟ್ಟಿ ಹೆಚ್ಚುಕಡಿಮೆ ಒಂದೇ. ಬಿಬಿಸಿಯ ಶರ್ಲಾಕ್, ‘ಎ ಬ್ಯೂಟಿಫುಲ್ ಮೈಂಡ್’ನ ಜಾನ್ ನ್ಯಾಶ್, ‘ಗುಡ್ ವಿಲ್ ಹಂಟಿಂಗ್’ನ ವಿಲ್. ಕನ್ನಡದ್ದು ಒಂದು ಹೇಳಿ ಅಂದರೆ ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಆಮೇಲೆ ಒಬ್ಬರು ನಗುತ್ತಾ ‘ಕವಿರತ್ನ ಕಾಳಿದಾಸ’ ಅನ್ನುತ್ತಾರೆ. ಆ ಪಾತ್ರದ ಜಾಣತನಕ್ಕಿಂತ ಪೆದ್ದುತನವೇ ಎಲ್ಲರಿಗೂ ನೆನಪಿದೆ, ಅದಕ್ಕೇ ನಗು. ನನಗೆ ಮಾತ್ರ ಆ ಉತ್ತರ ತಮಾಷೆಯದೆಂದು ಅನ್ನಿಸಿಲ್ಲ. ನಮ್ಮ ಸಿನಿಮಾ ಯಾವುದನ್ನು ಪ್ರತಿಭೆ ಅನ್ನುತ್ತದೆ, ಯಾರಲ್ಲಿ ಅದು ಕಂಡರೂ ಕಾಣದ ಹಾಗೆ ಇರುತ್ತದೆ ಎಂಬುದು ಆ ಒಂದು ಚಿತ್ರದಲ್ಲೇ ಸಿಗುತ್ತದೆ.

ಕಾಳಿದಾಸನ ಕತೆ 1955ರಲ್ಲೇ ಹೊನ್ನಪ್ಪ ಭಾಗವತರ ‘ಮಹಾಕವಿ ಕಾಳಿದಾಸ’ವಾಗಿ ತೆರೆಗೆ ಬಂದಿತ್ತು. ಬಿ. ಸರೋಜಾದೇವಿ ಬೆಳಕಿಗೆ ಬಂದದ್ದು ಆ ಚಿತ್ರದಿಂದ. ಆದರೆ ನಮ್ಮ ತಲೆಮಾರು ಟಿವಿಯಲ್ಲಿ ಮತ್ತೆ ಮತ್ತೆ ನೋಡಿದ್ದು 1983ರ ‘ಕವಿರತ್ನ ಕಾಳಿದಾಸ’ವನ್ನು. ರೇಣುಕಾ ಶರ್ಮ ನಿರ್ದೇಶನ, ಕುರುಬನಾಗಿ ರಾಜ್‌ಕುಮಾರ್, ರಾಜಕುಮಾರಿ ವಿದ್ಯಾಧರೆಯಾಗಿ ಜಯಪ್ರದಾ. ಕತೆ ಎಲ್ಲರಿಗೂ ಗೊತ್ತಿರುವುದೇ: ವಿದ್ಯೆಯಲ್ಲಿ ಮಿಗಿಲಾದ ರಾಜಕುಮಾರಿಯ ಮೇಲೆ ಸೇಡು ತೀರಿಸಿಕೊಳ್ಳಲು ಅಕ್ಷರ ಬಾರದ ಕುರಿಗಾಹಿಯೊಬ್ಬನನ್ನು ಪಂಡಿತನೆಂದು ನಂಬಿಸಿ ಮದುವೆ ಮಾಡಿಸುತ್ತಾರೆ. ಮೋಸ ಬಯಲಾಗುತ್ತದೆ, ಕಾಳಿ ಒಲಿಯುತ್ತಾಳೆ, ಕುರುಬ ಮಹಾಕವಿಯಾಗುತ್ತಾನೆ. ಆ ಗಳಿಗೆಯಲ್ಲಿ ರಾಜ್‌ಕುಮಾರ್ ಶ್ಯಾಮಲಾ ದಂಡಕ ಹಾಡುವುದನ್ನು ಕೇಳಿದವರಿಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ನನಗೂ ಅಷ್ಟೆ.

ಈಗ ಚಿತ್ರವನ್ನು ಸ್ವಲ್ಪ ಹಿಂದಕ್ಕೆ ತಿರುಗಿಸೋಣ. ವರಕ್ಕೆ ಬಹಳ ಮುಂಚೆ ಈ ಕುರುಬ ಬೆಳಗಿನ ಜಾವದ ಮೇಲೆ ಒಂದು ಹಾಡು ಹೇಳುತ್ತಾನೆ. ಲಯ ತಪ್ಪುವುದಿಲ್ಲ, ಪ್ರಾಸ ತಡವರಿಸುವುದಿಲ್ಲ, ಬೆಳಗಾಗುವುದು ಕಣ್ಣಿಗೆ ಕಟ್ಟುತ್ತದೆ. ಅದೂ ರಾಜ್‌ಕುಮಾರ್ ಕಂಠವೇ. ಹಾಗಾದರೆ ಕಾಳಿ ಇವನಿಗೆ ಕೊಟ್ಟದ್ದೇನು? ಕವಿತ್ವವಂತೂ ಇರಲಾರದು, ಅದು ಮೊದಲೇ ಇತ್ತು. ಕೊಟ್ಟದ್ದು ಸಂಸ್ಕೃತ. ಸಂಸ್ಕೃತದ ಜೊತೆಗೆ ಆಸ್ಥಾನದೊಳಕ್ಕೆ ಕಾಲಿಡುವ ಅರ್ಹತೆ. ಕನ್ನಡದಲ್ಲಿ ಹಾಡುವಾಗ ಅವನು ಪೆದ್ದ, ಸಂಸ್ಕೃತದಲ್ಲಿ ಹಾಡಿದ ಕೂಡಲೇ ಕವಿರತ್ನ. ಚಿತ್ರಕ್ಕೆ ಇದರ ಅರಿವಿದೆಯೋ ಇಲ್ಲವೋ, ಹಾಡಿಗಂತೂ ಇದೆ. ಜನ ಗುನುಗಿದ್ದು ಕುರುಬನ ಹಾಡನ್ನೇ.

ಕಾಳಿದಾಸನ ದಂತಕಥೆಯಲ್ಲಿ ಇನ್ನೊಂದು ಪ್ರಸಿದ್ಧ ಪ್ರಸಂಗವಿದೆ. ತಾನು ಕೂತ ಕೊಂಬೆಯನ್ನೇ ಬುಡದ ಕಡೆಯಿಂದ ಕಡಿಯುವ ಮೂಢ. ಇದನ್ನು ಕೇಳಿದಾಗಲೆಲ್ಲ ನಮ್ಮ ದೊಡ್ಡಪ್ಪ ಸಿಟ್ಟಾಗುತ್ತಿದ್ದರು. ಮಾಡದಕೆರೆ ಸುತ್ತಮುತ್ತ ಕುರಿ ಕಾಯ್ದ ಮನುಷ್ಯ ಅವರು. “ಅಲ್ಲಾ, ದಿನಾ ಕುರಿಗೆ ಸೊಪ್ಪು ಕಡ್ಯೋನು ಕುಂತಿರೋ ಕೊಂಬೆ ಕಡೀತಾನಾ? ಈ ಕತೆ ಕಟ್ಟಿದೋನು ಒಂದು ದಿನಾನೂ ಮರ ಹತ್ತಿಲ್ಲ” ಅನ್ನುತ್ತಿದ್ದರು. ಕಾಳಿದಾಸನ ಬಗ್ಗೆ ನಾನು ಓದಿದ ಯಾವ ವಿಮರ್ಶೆಗಿಂತಲೂ ಈ ಮಾತು ನನಗೆ ಹೆಚ್ಚು ಉಪಯೋಗಕ್ಕೆ ಬಂದಿದೆ. ಬೇಸಿಗೆಯಲ್ಲಿ ಹೊಲ ಬೋಳಾದಾಗ ಜಾಲಿ, ಬೇವು, ಅತ್ತಿ ಯಾವುದಾದರೂ ಸರಿ, ಮರ ಹತ್ತಿ ಸೊಪ್ಪು ಬೀಳಿಸಿಯೇ ಮಂದೆ ಉಳಿಸಿಕೊಳ್ಳಬೇಕು. ಎಲ್ಲಿ ಕಾಲಿಡಬೇಕು, ಯಾವ ಕೊಂಬೆ ಭಾರ ತಡೆಯುತ್ತದೆ, ಎಷ್ಟು ಕಡಿದರೆ ಮುಂದಿನ ವರ್ಷ ಮರ ಮತ್ತೆ ಚಿಗುರುತ್ತದೆ ಎಂಬುದು ಕುರಿಗಾಹಿ ಮೊದಲು ಕಲಿಯುವ ಪಾಠ. ಸಂಜೆ ರೊಪ್ಪಕ್ಕೆ ಬಂದ ಮಂದೆಯನ್ನು ಎಣಿಸದೆ, ಬರೀ ಕಣ್ಣಾಡಿಸಿ, ಯಾವುದು ಬಂದಿಲ್ಲ ಎಂದು ಹೇಳುವವರನ್ನು ನಾನು ನೋಡಿದ್ದೇನೆ. ಇದೇ ನೆನಪಿನ ಶಕ್ತಿಯನ್ನು ಶರ್ಲಾಕ್ ತೋರಿಸಿದರೆ ಪರದೆಯ ಮೇಲೆ ಅಕ್ಷರಗಳು ತೇಲುತ್ತವೆ, ಹಿನ್ನೆಲೆ ಸಂಗೀತ ಏರುತ್ತದೆ.

‘ಗುಡ್ ವಿಲ್ ಹಂಟಿಂಗ್’ (1997) ಜೊತೆ ಇಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ವಿಲ್ ಎಂಐಟಿಯ ನೆಲ ಒರೆಸುವವನು. ಕಾರಿಡಾರಿನ ಹಲಗೆಯ ಮೇಲಿನ ಗಣಿತವನ್ನು ಯಾರೂ ಇಲ್ಲದಾಗ ಬಿಡಿಸುತ್ತಾನೆ. ಅವನಿಗೆ ಯಾವ ದೇವಿಯೂ ಒಲಿಯುವುದಿಲ್ಲ. ಗೊತ್ತಿದ್ದದ್ದು ಮೊದಲೇ ಗೊತ್ತಿತ್ತು, ಪ್ರೊಫೆಸರ್ ಕಣ್ಣಿಗೆ ಬಿದ್ದದ್ದು ತಡವಾಗಿ. ಅಲ್ಲಿಯೂ ಒಪ್ಪಿಗೆ ಕೊಡುವುದು ದೊಡ್ಡ ಸಂಸ್ಥೆಯೇ, ಆದರೆ ಆ ಸಂಸ್ಥೆಯ ಕುರುಡನ್ನು ಸಿನಿಮಾ ನೋಡುತ್ತದೆ. ನಮ್ಮಲ್ಲಿ ಕುರುಡು ಕುರುಬನದ್ದೇ ಆಗಬೇಕು.

ಈ ಕತೆಯಲ್ಲಿ ನಿಜವಾಗಿ ವರ್ಷಗಟ್ಟಲೆ ಕೂತು ಓದಿದವಳು ಒಬ್ಬಳೇ, ವಿದ್ಯಾಧರೆ. ಅವಳ ಓದಿಗೆ ಕತೆ ಇಟ್ಟ ಹೆಸರು ಅಹಂಕಾರ. ಅವಳು ಕಷ್ಟಪಟ್ಟು ಗಳಿಸಿದ್ದು ಶಿಕ್ಷೆಗೆ ಕಾರಣವಾಗುತ್ತದೆ, ಗಂಡನಿಗೆ ಒಂದು ರಾತ್ರಿಯಲ್ಲಿ ಸಿಕ್ಕಿದ್ದು ಮಹಿಮೆಯಾಗುತ್ತದೆ. ಸಂಶೋಧನೆ ಅಂತ ವರ್ಷಗಳನ್ನು ಕಳೆಯುತ್ತಿರುವ ನನ್ನಂಥವರಿಗೆ ಇದು ಸ್ವಲ್ಪ ಚುಚ್ಚುತ್ತದೆ, ಇರಲಿ.

ಆಸ್ಥಾನವನ್ನೇ ಬೇಡವೆಂದ ಒಬ್ಬ ಪ್ರತಿಭಾವಂತ ನಮ್ಮ ದುರ್ಗದಲ್ಲೇ ಸಿಗುತ್ತಾನೆ. ತ.ರಾ.ಸು. ಅವರ ‘ಹಂಸಗೀತೆ’ಯ ಭೈರವಿ ವೆಂಕಟಸುಬ್ಬಯ್ಯ. 1975ರಲ್ಲಿ ಜಿ.ವಿ. ಅಯ್ಯರ್ ಅದನ್ನು ಸಿನಿಮಾ ಮಾಡಿದರು. ಅನಂತನಾಗ್ ನಟನೆ, ಬಾಲಮುರಳಿಕೃಷ್ಣ ಅವರ ಕಂಠ. ಆ ಹಾಡುಗಾರಿಕೆಗೆ ರಾಷ್ಟ್ರಪ್ರಶಸ್ತಿಯೂ ಬಂತು. ದೊರೆಯ ಮುಂದೆ ಹಾಡುವುದಕ್ಕಿಂತ ನಾಲಿಗೆಯನ್ನೇ ಕತ್ತರಿಸಿಕೊಳ್ಳುವ ಗಾಯಕ ಇವನು. ಇದೇ ಕಾದಂಬರಿಯಿಂದ ಹಿಂದಿಯವರು 1956ರಲ್ಲೇ ‘ಬಸಂತ್ ಬಹಾರ್’ ಮಾಡಿದ್ದರು. ಅಲ್ಲಿ ಜನಕ್ಕೆ ನೆನಪಿರುವುದು ಹಾಡಿನ ಸ್ಪರ್ಧೆ: ಮನ್ನಾ ಡೇ ಕಂಠದ ನಾಯಕ ಭೀಮಸೇನ ಜೋಶಿ ಕಂಠದ ವಿದ್ವಾಂಸನನ್ನು ಸೋಲಿಸಬೇಕು! ಹಿಂದಿಗೆ ಗೆಲುವು ಬೇಕಿತ್ತು. ಅಯ್ಯರ್‌ಗೆ ಬೇಕಿರಲಿಲ್ಲ. ಅದಕ್ಕೇ ‘ಹಂಸಗೀತೆ’ ದೊಡ್ಡ ಚಿತ್ರ. ಆದರೂ ಆ ತ್ಯಾಗದ ಮೇಲೆ ಚಿತ್ರಕ್ಕಿರುವ ಮೋಹ ನನಗೆ ಪೂರ್ತಿ ಒಗ್ಗುವುದಿಲ್ಲ. ದೊರೆಗೆ ಇಲ್ಲವೆಂದ ನಾಲಿಗೆ ಊರಿನವರಿಗೂ ಇಲ್ಲವಾಯಿತಲ್ಲ.

ಬೆಂಗಳೂರಿನಲ್ಲಿ 1929ರಲ್ಲಿ ಹುಟ್ಟಿದ ಶಕುಂತಲಾ ದೇವಿ ತೆರೆಗೆ ಬಂದದ್ದು 2020ರಲ್ಲಿ, ಹಿಂದಿಯಲ್ಲಿ, ವಿದ್ಯಾ ಬಾಲನ್ ಮೂಲಕ. ಸರ್ಕಸ್ಸಿನಲ್ಲಿ ಕೆಲಸ ಮಾಡುತ್ತಿದ್ದವರ ಮಗಳು, 1980ರಲ್ಲಿ ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ 13 ಅಂಕಿಗಳ ಎರಡು ಸಂಖ್ಯೆಗಳನ್ನು 28 ಸೆಕೆಂಡಿನಲ್ಲಿ ಗುಣಿಸಿ ತೋರಿಸಿದವರು. ಚಿತ್ರ ಲವಲವಿಕೆಯಿಂದ ಶುರುವಾಗುತ್ತದೆ. ಬರಬರುತ್ತಾ ಮಾತ್ರ ಈಕೆ ಒಳ್ಳೆಯ ತಾಯಿಯೋ ಅಲ್ಲವೋ ಎಂಬ ವಿಚಾರಣೆಯಾಗಿಬಿಡುತ್ತದೆ. ಜಾನ್ ನ್ಯಾಶ್ ಒಳ್ಳೆಯ ತಂದೆಯೇ ಎಂದು ಅವನ ಸಿನಿಮಾ ಇಷ್ಟು ಹೊತ್ತು ಕೇಳುವುದಿಲ್ಲ.

ಹಾಗಾಗಿ ನನ್ನ ಮೆಚ್ಚಿನ ಪಾತ್ರ ಕೇಳಿದರೆ ನಾನು ಹೇಳುವುದು ಒಂದು ಧ್ವನಿಯನ್ನು. ಸುನೀಲ್ ಕುಮಾರ್ ದೇಸಾಯಿ ಅವರ ‘ಬೆಳದಿಂಗಳ ಬಾಲೆ’ (1995), ಯಂಡಮೂರಿ ವೀರೇಂದ್ರನಾಥರ ತೆಲುಗು ಕಾದಂಬರಿಯಿಂದ ಬಂದದ್ದು. ಹಂಸಗೀತೆಯಾಗಿ ಇಪ್ಪತ್ತು ವರ್ಷಕ್ಕೆ ಮತ್ತೆ ಅನಂತನಾಗ್, ಈ ಸಲ ಚದುರಂಗದ ಚಾಂಪಿಯನ್ ರೇವಂತ್. ಒಬ್ಬ ಹುಡುಗಿ ಫೋನ್ ಮಾಡುತ್ತಾಳೆ, ತನ್ನನ್ನು ಹುಡುಕು ಎಂದು ಗಡುವು ಕೊಡುತ್ತಾಳೆ, ಒಗಟಿನ ಮೇಲೆ ಒಗಟು ಒಡ್ಡುತ್ತಾಳೆ. ಪೋಸ್ಟರಿನಲ್ಲಿ ಮೇಧಾವಿ ಅವನು. ಆದರೆ ಒಗಟು ಬಿಡಿಸುವವನಿಗಿಂತ ಒಗಟು ಕಟ್ಟುವವಳು ಒಂದು ನಡೆ ಮುಂದಿರಬೇಕು ಎಂಬುದು ಚದುರಂಗ ಆಡುವ ಯಾರಿಗಾದರೂ ಗೊತ್ತು. ಚಿತ್ರ ನಡೆದಷ್ಟು ಹೊತ್ತೂ ಆಟ ಅವಳದು. ಅವನು ಆಡುತ್ತಿರುವುದು ಕಪ್ಪು ಕಾಯಿಯಲ್ಲಿ.

ಅವಳಿಗೆ ಪದಕವಿಲ್ಲ, ಪತ್ರಿಕೆಯಲ್ಲಿ ಫೋಟೋ ಇಲ್ಲ. ಅವಳನ್ನು ಜಾಣೆ ಎಂದು ಒಪ್ಪಬೇಕಾದ ಯಾವ ಸಭೆಯೂ ಚಿತ್ರದಲ್ಲಿಲ್ಲ. ಮುಖವನ್ನೂ ಸಿನಿಮಾ ನಮಗೆ ತೋರಿಸುವುದಿಲ್ಲ. ಮುಖ ತೋರಿಸದೆ ಅವಳನ್ನು ಕನಸಿನ ಹುಡುಗಿಯಾಗಿಸಿದರು ಎಂದು ಒಬ್ಬ ಗೆಳತಿ ಬೈಯುತ್ತಾಳೆ, ಆ ಬೈಗುಳದಲ್ಲಿ ನ್ಯಾಯವಿದೆ. ಆದರೆ ವಿದ್ಯಾಧರೆಯನ್ನು ಸಭೆಯ ಮಧ್ಯೆ ನಿಲ್ಲಿಸಿದವರು ಏನು ಮಾಡಿದರೆಂದು ನೋಡಿದ ಮೇಲೆ, ಲ್ಯಾಂಡ್‌ಲೈನಿನ ಆ ಬದಿಯಲ್ಲಿ ಯಾರ ಕಣ್ಣಿಗೂ ಬೀಳದೆ ಕೂತು ತನ್ನ ಮುಂದಿನ ನಡೆ ಯೋಚಿಸುತ್ತಿರುವ ಹುಡುಗಿ ನನಗೆ ಹೆಚ್ಚು ಇಷ್ಟ. ಕೊನೆಗೆ ರೇವಂತ್ ಅವಳಿದ್ದಲ್ಲಿಗೆ ಬರುತ್ತಾನೆ. ಅಷ್ಟರಲ್ಲಿ ತಡವಾಗಿರುತ್ತದೆ.